ರವಿವಾರ ಸಂಜೆ ಏಳರ ಫೋನು

ಪ್ರತಿ ರವಿವಾರ ಸಂಜೆ ಏಳಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ನಾನು ಮಾಳಿಗೆ ಹತ್ತಿ ಕುಳಿತಿರುತ್ತೇನೆ. ಕೆಳಗೆ ಸಪ್ತಾಪುರದ ರಸ್ತೆಯಲ್ಲಿ ಕೋಚಿಂಗ್ ಕ್ಲಾಸಿನ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು ಗುಂಪಾಗಿ ಹೋಗುತ್ತಿರುತ್ತಾರೆ. ಪಿಎಸ್‌ಐ, ಕೆಎಎಸ್ ಎಂದು ಎಲ್ಲೆಲ್ಲಿಂದಲೋ ಧಾರವಾಡಕ್ಕೆ ಬಂದ ಮಕ್ಕಳಿಗೆ ಹಾದಿ ತೋರಿಸುವುದಾಗಿ ಹೇಳುವ ಫಲಕಗಳು ಇಲ್ಲಿ ಗೋಡೆಗೊಂದರಂತೆ ಇವೆ. ನಾನು ಫೋನು ಹಚ್ಚುವುದು ಅಂಥ ಒಂದು ಫಲಕವೂ ಇಲ್ಲದ ಊರುಗಳಲ್ಲಿ ಒಂಬತ್ತನೆಯದೋ ಹತ್ತನೆಯದೋ ಇಯತ್ತೆ ಓದುತ್ತಿರುವ ಮಕ್ಕಳಿಗೆ.

ವ್ಯವಸ್ಥೆ ಸರಳವಾದದ್ದು. ಸರ್ಕಾರಿ ಪ್ರೌಢಶಾಲೆಯ ಒಬ್ಬ ವಿದ್ಯಾರ್ಥಿಗೆ ನೌಕರಿಯಲ್ಲಿರುವ ಒಬ್ಬ ಹಿರಿಯರನ್ನು ಒಂದು ಸ್ವಯಂಸೇವಾ ಸಂಸ್ಥೆ ಜೋಡಿಸಿ ಕೊಡುತ್ತದೆ. ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ನಲವತ್ತು ನಿಮಿಷ ಮಾತು. ಹೀಗೆ ಒಂದು ವರ್ಷ. ಪಾಠ ಹೇಳಿಕೊಡುವುದು ನಮ್ಮ ಕೆಲಸವಲ್ಲ, ಅದಕ್ಕೆ ಶಾಲೆಯಿದೆ. ಮಗುವಿನ ಮಾತನ್ನು ಕೇಳುವುದು, ಅದು ಮುಂದೇನು ಎಂದು ಯೋಚಿಸುವಾಗ ಜೊತೆಗೆ ಯೋಚಿಸುವುದು, ಬೇಕಾದ ಮಾಹಿತಿಯನ್ನು ಹುಡುಕಲು ಕಲಿಸುವುದು, ಇಷ್ಟೇ. ಇದನ್ನು ಎಲ್ಲರೂ ಮೆಂಟರಿಂಗ್ ಎನ್ನುತ್ತಾರೆ. ಮಾರ್ಗದರ್ಶನ ಎಂಬ ಶಬ್ದ ನನಗೆ ತುಸು ದೊಡ್ಡದೆನ್ನಿಸುತ್ತದೆ, ಏಕೆಂದರೆ ಮಾರ್ಗ ನನಗೇ ಮೊದಲು ಗೊತ್ತಿರುತ್ತದೆ ಎಂಬ ಭರವಸೆಯನ್ನು ಅದು ಕೊಡುತ್ತದೆ. ನಮ್ಮ ಕಡೆ ಯಾರಿಗಾದರೂ ಒಳ್ಳೆಯದಾದರೆ 'ಬೆನ್ನಿಗೆ ಯಾರೋ ಇದ್ದರು' ಎನ್ನುತ್ತಾರೆ. ನಾನು ಮಾಡಬಯಸುವ ಕೆಲಸಕ್ಕೆ ಆ ಮಾತು ಹೆಚ್ಚು ಹತ್ತಿರವಾಗಿದೆ.

ಮೊದಲ ಸಲ ನಾನು ಈ ಕೆಲಸವನ್ನು ಕೆಡಿಸಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 2021ರ ಜುಲೈ ತಿಂಗಳು. ಶಾಲೆಗಳು ಇನ್ನೂ ಮುಚ್ಚಿದ್ದವು. ನನ್ನ ಪಾಲಿಗೆ ಬಂದವನು ಬೆಟಗೇರಿಯ ನೇಕಾರರ ಮನೆಯ ಹುಡುಗ. ಮಾತಾಡುವಾಗ ಹಿಂದಿನಿಂದ ಮಗ್ಗದ ಸದ್ದು ಕೇಳುತ್ತಿತ್ತು, ಮಗ್ಗ ನಿಂತರೆ ಅವನೂ ದನಿ ತಗ್ಗಿಸುತ್ತಿದ್ದ. ಎಂಟು ವಾರ ಚೆನ್ನಾಗಿ ನಡೆಯಿತು. ಸೆಪ್ಟೆಂಬರ್ ಬಂದಾಗ ಹುಬ್ಬಳ್ಳಿಯಲ್ಲಿ ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕದ ಗಡಿಬಿಡಿ ಶುರುವಾಗಿ, ಒಂದು ರವಿವಾರ ತಪ್ಪಿಸಿದೆ, ಮತ್ತೊಂದು ರವಿವಾರ ಮರೆತೆ, ಮೂರನೆಯದಕ್ಕೆ 'ಮುಂದಿನ ವಾರ ಮಾತಾಡೋಣ' ಎಂದು ಸಂದೇಶ ಕಳಿಸಿದೆ. ಅಕ್ಟೋಬರದಲ್ಲಿ ಫೋನು ಹಚ್ಚಿದಾಗ ಎತ್ತಿದ್ದು ಅವನ ತಾಯಿ. "ಮೇಡಮ್ಮಾರ, ನಿಮ್ಮ ಫೋನ್ ಬರ್ತೈತಿ ಅಂತ ಅವರ ಅಪ್ಪಗ ಮೊಬೈಲ್ ಮನ್ಯಾಗ ಇಟ್ಟ ಹೋಗ ಅಂತಿದ್ದ ರೀ. ಮೂರ ವಾರ ಕುಂತ. ಈಗ ಮಾತಾಡಂಗಿಲ್ಲ ಅಂತಾನ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಗನ ಪರವಾಗಿ ನನ್ನ ಹತ್ತಿರವೇ ಕ್ಷಮೆ ಕೇಳುವಂತಿತ್ತು, ಅದನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಮೇಲೆ ಓದುತ್ತ ಹೋದಂತೆ ತಿಳಿದದ್ದು, ನನ್ನ ತಪ್ಪಿನ ಬಗ್ಗೆ ಬಹಳ ಹಿಂದೆಯೇ ಅಧ್ಯಯನ ನಡೆದಿತ್ತು ಎಂಬುದು. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಕೋರ್ಟು ಕಟಕಟೆಗೆ ಬರುತ್ತಿದ್ದ ಹುಡುಗರಿಗೆ ಒಬ್ಬೊಬ್ಬ ಹಿರಿಯರನ್ನು ಜೊತೆಮಾಡಿಕೊಡುವ ಪ್ರಯತ್ನವಾಗಿ ಹುಟ್ಟಿ, ಮುಂದೆ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂದು ಹೆಸರಾದ ಸಂಸ್ಥೆಯ ಮಕ್ಕಳನ್ನು ಗಮನಿಸಿ, ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ವರ್ಷವೋ ಅದಕ್ಕೂ ಹೆಚ್ಚೋ ಉಳಿದ ಜೊತೆಗಳಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೊತೆಗಳಲ್ಲಿ ಮಾತ್ರ ಮಕ್ಕಳು ತಮ್ಮ ಬಗ್ಗೆ ಇಟ್ಟುಕೊಂಡಿದ್ದ ಬೆಲೆ ಮೊದಲಿಗಿಂತಲೂ ಕುಸಿದಿತ್ತು. ಎಂದರೆ, ಬಂದು ನಡುವೆ ಬಿಟ್ಟುಹೋಗುವ ಹಿರಿಯರಿಗಿಂತ ಯಾರೂ ಬಾರದಿರುವುದೇ ಮೇಲು. ಆ ಅಧ್ಯಯನದ ಮಕ್ಕಳು ಹಿರಿಯರನ್ನು ಮುಖತಃ ಭೇಟಿಯಾಗುತ್ತಿದ್ದವರು. ಫೋನಿನಲ್ಲಿಯಾದರೆ ಬಿಟ್ಟುಹೋಗುವುದು ಇನ್ನಷ್ಟು ಸುಲಭ, ಒಂದು ಕರೆ ಹಚ್ಚದಿದ್ದರೆ ಮುಗಿಯಿತು. ಏಳಕ್ಕೆ ಐದು ನಿಮಿಷ ಮೊದಲೇ ಮಾಳಿಗೆ ಹತ್ತುವ ರೂಢಿ ನನಗೆ ಹತ್ತಿದ್ದು ಹೀಗೆ.

ಎರಡು ವರ್ಷ ಬಿಟ್ಟು, 2023ರ ಜೂನ್‌ನಲ್ಲಿ, ರಾಣೇಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ ನನ್ನ ಪಾಲಿಗೆ ಬಂದಳು. ಹತ್ತನೆಯ ಇಯತ್ತೆ. ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನು ತಾಯಿಯದು. ಮೊದಲ ಮೂರು ವಾರ ತಾಯಿ ಪಕ್ಕದಲ್ಲೇ ಕುಳಿತು, ಸ್ಪೀಕರಿಗೆ ಹಾಕಿಸಿ, ಎಲ್ಲವನ್ನೂ ಕೇಳಿಸಿಕೊಂಡರು. ಇದು ನನಗೆ ಸರಿಯೆನ್ನಿಸಿತು. ಹದಿನಾರರ ಹುಡುಗಿ ಫೋನು ಹಿಡಿದು ಕಟ್ಟೆಯ ಮೇಲೆ ಕುಳಿತರೆ 'ಯಾರ ಜೋಡಿ ಮಾತಾಡಾಕತ್ತಾಳ' ಎಂಬ ಪ್ರಶ್ನೆ ಓಣಿಯ ತುಂಬ ಓಡಾಡುವ ಊರುಗಳಿವು. ಆ ಪ್ರಶ್ನೆಗೆ ತಾಯಿಯ ಹತ್ತಿರ ಉತ್ತರವಿದ್ದರೆ ಮಾತ್ರ ನಮ್ಮ ಮಾತು ಉಳಿಯುತ್ತದೆ. ಇದು ಬರಿಯ ಊರ ಮಾತಿನ ಭಯವೂ ಅಲ್ಲ. ಮಕ್ಕಳ ಜೊತೆ ಗುಟ್ಟಾಗಿ ಸ್ನೇಹ ಬೆಳೆಸಿ ಹಾಳು ಮಾಡುವವರು ಬರುವುದೂ ಇದೇ ಫೋನಿನಿಂದ, ಇದೇ ಸವಿಮಾತಿನಿಂದ. ಆದ್ದರಿಂದ ಮನೆಯವರಿಗೆ ಗೊತ್ತಿಲ್ಲದ ಕರೆಯಿಲ್ಲ, ರಾತ್ರಿ ಒಂಬತ್ತರ ನಂತರ ನಾವಾಗಿ ಸಂದೇಶ ಕಳಿಸುವುದಿಲ್ಲ, ದುಡ್ಡು ಕಾಣಿಕೆ ಕೊಡುವುದಿಲ್ಲ, ಮಗುವನ್ನು ಒಂಟಿಯಾಗಿ ಭೇಟಿಯಾಗುವುದಿಲ್ಲ, ಸಂಸ್ಥೆಯವರು ಯಾವ ಹೊತ್ತಿನಲ್ಲಾದರೂ ಕರೆಯಲ್ಲಿ ಸೇರಿಕೊಳ್ಳಬಹುದು. ಕೆಲವು ಹಿರಿಯರಿಗೆ ಈ ನಿಯಮಗಳು ತಮ್ಮನ್ನು ಸಂಶಯಿಸಿದಂತೆ ತೋರುತ್ತವೆ. ನನಗೆ ಹಾಗನ್ನಿಸಿಲ್ಲ, ಒಳ್ಳೆಯ ಮನಸ್ಸಿನವರೇ ಈ ನಿಯಮಗಳನ್ನು ಮೊದಲು ಪಾಲಿಸಿದರೆ, ಪಾಲಿಸದವರು ಮಕ್ಕಳ ಕಣ್ಣಿಗೇ ಬೇರೆಯಾಗಿ ಕಾಣುತ್ತಾರೆ. ಕಾನೂನೂ ಇದೇ ದಿಕ್ಕಿನಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಯನ್ನು ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕಾಗಿಯೇ ಮೊದಲ ದಿನವೇ ನಾನು ಮಗುವಿಗೆ ಹೇಳಿಬಿಡುತ್ತೇನೆ: ನೀನು ಹೇಳಿದ್ದನ್ನು ಊರಿಗೆ ಸಾರುವುದಿಲ್ಲ, ಆದರೆ ನಿನ್ನ ಜೀವಕ್ಕೆ, ಮೈಗೆ ಅಪಾಯವಿದೆ ಎನ್ನಿಸಿದರೆ ಮಾತ್ರ ನನ್ನೊಳಗೆ ಇಟ್ಟುಕೊಳ್ಳಲಾರೆ.

ನಾಲ್ಕನೆಯ ವಾರ ತಾಯಿ ಎದ್ದು ರೊಟ್ಟಿ ಬಡಿಯಲು ಹೋದರು. ರೊಟ್ಟಿ ತಟ್ಟುವ ಸಪ್ಪಳ ಕೇಳುತ್ತಲೇ ನಮ್ಮ ಮಾತು ನಡೆಯಿತು.

ಮಾತು ಎಂದೆ, ಆದರೆ ಹುಡುಗಿ ಮಾತಾಡುತ್ತಿರಲಿಲ್ಲ. "ಹೂನ್ರಿ", "ಇಲ್ರಿ", "ಛಲೋ ಐತ್ರಿ", ಇಷ್ಟರಲ್ಲೇ ನಲವತ್ತು ನಿಮಿಷ ತುಂಬುತ್ತಿತ್ತು. ವಿಡಿಯೊ ಹಾಕುವಂತೆ ಒಮ್ಮೆ ಕೇಳಿ, ಮತ್ತೆ ಕೇಳಲಿಲ್ಲ. ವಿಡಿಯೊ ಹಾಕಿದರೆ ಡೇಟಾ ತೀರುತ್ತದೆ ಎಂಬುದು ಒಂದು ಕಾರಣವಾದರೆ, ತನ್ನ ಮನೆಯ ಗೋಡೆಯನ್ನು ಯಾರಿಗೂ ತೋರಿಸಬೇಕಾಗದಿರುವುದು ಒಂದು ಮಗುವಿಗೆ ಎಷ್ಟು ದೊಡ್ಡ ಸಮಾಧಾನ ಎಂಬುದು ನನಗೆ ಆಮೇಲೆ ತಿಳಿಯಿತು. ಮುಖ ಕಾಣದಿರುವಾಗ ಕಷ್ಟದ ಮಾತುಗಳು ಹೆಚ್ಚು ಸರಾಗವಾಗಿ ಬರುತ್ತವೆ. ಹೆಣ್ಣುಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಆದರೆ ಆ ಹೊತ್ತಿಗೆ ಸರಾಗವೂ ಇರಲಿಲ್ಲ, ಮಾತೂ ಇರಲಿಲ್ಲ. ನಾನು ಪಿಯುಸಿ, ಡಿಪ್ಲೊಮಾ, ವಿದ್ಯಾರ್ಥಿವೇತನ ಎಂದು ಸಂಸ್ಥೆ ಕೊಟ್ಟ ಹಾಳೆಯಿಂದ ಒಂದೊಂದೇ ಓದಿ ಹೇಳುತ್ತಿದ್ದೆ.

ಅಕ್ಟೋಬರದ ಒಂದು ಸಂಜೆ ಹಾಳೆಯನ್ನು ಬದಿಗಿಟ್ಟು, "ಇವತ್ತ ಮುಂಜಾನಿಂದ ಏನೇನ ಮಾಡಿದಿ, ತಂಗಿ?" ಎಂದು ಕೇಳಿದೆ. "ಕ್ರಾಸಿಂಗ್ ಹೋಗಿದ್ನಿ ರೀ" ಎಂದಳು. ನನಗೆ ಅರ್ಥವಾಗಲಿಲ್ಲ. ರಾಣೇಬೆನ್ನೂರಿನ ಸುತ್ತ ಹೈಬ್ರಿಡ್ ಬೀಜ ಮಾಡುವ ಹೊಲಗಳಿವೆ ಎಂದು ಬ್ಯಾಂಕಿನ ಸಾಲದ ಕಾಗದಗಳಿಂದ ಗೊತ್ತಿತ್ತು, ಆ ಬೀಜ ಹೇಗಾಗುತ್ತದೆ ಎಂದು ಗೊತ್ತಿರಲಿಲ್ಲ. "ನನಗ ತಿಳೀಲಿಲ್ಲ, ಬಿಡಿಸಿ ಹೇಳು" ಎಂದೆ. ಆಕೆ ಹೇಳಿದಳು. ಮರುದಿನ ಅರಳಲಿರುವ ಹತ್ತಿಯ ಮೊಗ್ಗನ್ನು ಮಧ್ಯಾಹ್ನದ ಮೇಲೆ ಗುರುತು ಹಿಡಿದು, ಹೆಬ್ಬೆರಳಿನ ಉಗುರನ್ನು ಬುಡಕ್ಕೆ ಊರಿ, ಎಸಳುಗಳ ಜೊತೆ ಗಂಡು ಕೇಸರಗಳೆಲ್ಲ ಒಂದೇ ಸಲಕ್ಕೆ ಸುತ್ತಿ ಬರುವಂತೆ ಸುಲಿಯಬೇಕು. ಒಳಗಿನ ಎಳೆಯ ಕಾಯಿಗೆ ಉಗುರು ತಾಗಿದರೆ ಕೆಟ್ಟಿತು. ಸುಲಿದ ಮೊಗ್ಗಿಗೆ ಗುರುತಿಗೆಂದು ಕೆಂಪು ಕಾಗದ ಹಾಕಬೇಕು. ಮರುದಿನ ಮುಂಜಾನೆ ಗಂಡು ಸಾಲಿನ ಹೂ ಕಿತ್ತು ತಂದು, ಕೆಂಪು ಕಾಗದ ಇದ್ದಲ್ಲೆಲ್ಲ ಅದರ ಪುಡಿಯನ್ನು ಮುಟ್ಟಿಸುತ್ತ ಹೋಗಬೇಕು. ಬಿಸಿಲೇರಿದರೆ ಪುಡಿ ಹಿಡಿಯುವುದಿಲ್ಲ. "ಎಡಗೈ ಉಗರ ಬೆಳಸೇನ್ರಿ ಅದಕ್ಕಂತನ. ಬಲಗೈಲೆ ಬರೀಬೇಕಲ್ರಿ, ಸಾಲಿಗೆ" ಎಂದಳು. ಅವರದೇ ಹೊಲ, ಅರ್ಧ ಎಕರೆ. ಶಾಲೆಯ ರಜೆಯ ದಿನಗಳಲ್ಲಿ ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಇಪ್ಪತ್ತು ನಿಮಿಷ ಆಕೆ ಒಂದೇ ಸಮನೆ ಮಾತಾಡಿದಳು. ನಾಲ್ಕು ತಿಂಗಳು ನಾನು ಆಕೆಗೆ ಗೊತ್ತಿಲ್ಲದ್ದನ್ನೇ ಹೇಳುತ್ತಿದ್ದೆ, ಆಕೆಗೆ ಗೊತ್ತಿರುವುದನ್ನು ಒಮ್ಮೆಯೂ ಕೇಳಿರಲಿಲ್ಲ.

"ಎರಡ ಗಿಡ ಕೂಡಿಸಿದ್ರ ಬ್ಯಾರೇನ ಬೀಜ ಯಾಕ ಆಗ್ತಾವ್ರಿ ಅಕ್ಕಾರ?" ಎಂದು ಕೊನೆಗೆ ಕೇಳಿದಳು. ಮೇಡಂ ಹೋಗಿ ಅಕ್ಕ ಬಂದದ್ದು ಆ ಪ್ರಶ್ನೆಯ ಜೊತೆಗೆ. ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ವಾಣಿಜ್ಯ ಓದಿದವಳು.

ಆ ವಾರ ನಾನು ಮಾಡಿದ ಕೆಲಸವೆಂದರೆ, ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಆಕೆಗೆ ಎಷ್ಟು ಹತ್ತಿರದಲ್ಲಿದ್ದಾರೆ ಎಂದು ಹುಡುಕಿದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಕಾಲೇಜು ಮತ್ತು ಕೃಷಿ ವಿಜ್ಞಾನ ಕೇಂದ್ರ ಹನುಮನಮಟ್ಟಿಯಲ್ಲಿಯೇ ಇವೆ, ರಾಣೇಬೆನ್ನೂರಿನಿಂದ ಹಾವೇರಿ ಕಡೆಗೆ ಬರುವ ಹೆದ್ದಾರಿಯ ಮೇಲೆ. ಹೇಳಿದಾಗ ಹುಡುಗಿ, "ಬಸ್ಸಿನಾಗ ಹೋಗೂಮುಂದ ಬೋರ್ಡ್ ನೋಡೇನ್ರಿ. ನಮ್ಮಂಥಾವ್ರನ್ನ ಒಳಗ ಬಿಡ್ತಾರಂತ ಗೊತ್ತಿರಲಿಲ್ರಿ" ಎಂದಳು. ಕೃಷಿ ವಿಜ್ಞಾನ ಕೇಂದ್ರವಿರುವುದೇ ಅವರಂಥವರಿಗಾಗಿ.

ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರ ಬಾಲ್ಯದ ಪ್ರಸಂಗವೊಂದನ್ನು ನಮ್ಮ ಕಡೆಯ ಸಂಗೀತಪ್ರಿಯರು ಹೇಳುತ್ತಿರುತ್ತಾರೆ. 1933ರಲ್ಲಿ, 11 ವರ್ಷದ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟು, ಗ್ವಾಲಿಯರ್ ಮುಂತಾಗಿ ಅಲೆದು ಜಲಂಧರ ಮುಟ್ಟಿದ್ದ. ಅಲ್ಲಿ ಅವನನ್ನು ಕಂಡ ಗಾಯಕ ವಿನಾಯಕರಾವ್ ಪಟವರ್ಧನರು, ನಿಮ್ಮ ಊರಿನ ಹತ್ತಿರ ಕುಂದಗೋಳದಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆ ಎಂದರಂತೆ. ಕೊನೆಗೆ ಹುಡುಗ ಕಲಿತದ್ದು ಕುಂದಗೋಳದಲ್ಲಿಯೇ. ಈ ಕತೆಯನ್ನು ಎಲ್ಲರೂ ಹುಡುಗನ ಛಲಕ್ಕಾಗಿ ನೆನೆಯುತ್ತಾರೆ. ನನಗೆ ಈಗ ದೊಡ್ಡದಾಗಿ ಕಾಣುವುದು ಪಟವರ್ಧನರ ಆ ಒಂದು ಮಾತು. ದೂರದಲ್ಲಿ ಸಿಕ್ಕವರು ಆ ಹುಡುಗನನ್ನು ಮನೆಯ ಪಕ್ಕದ ಗುರುವಿನ ಕಡೆ ತಿರುಗಿಸಿದರು. ಫೋನಿನ ಈ ತುದಿಯಲ್ಲಿರುವ ನನ್ನಂಥವರು ಮಾಡಬೇಕಾದದ್ದೂ ಅದನ್ನೇ ಎಂದು ನಂಬಿದ್ದೇನೆ. ರಾಣೇಬೆನ್ನೂರಿನ ಮಗುವಿಗೆ ಜ್ವರ ಬಂದರೆ, ಬಸ್ಸು ತಪ್ಪಿದರೆ, ಮನೆಯಲ್ಲಿ ಮದುವೆಯ ಮಾತು ಎದ್ದರೆ, ಧಾರವಾಡದ ಮಾಳಿಗೆಯ ಮೇಲಿನ ದನಿಯಿಂದ ಎಷ್ಟಾದೀತು? ಆಕೆಯ ಊರಿನಲ್ಲಿಯೇ ಒಬ್ಬರು ಬೇಕು.

ಆ ಒಬ್ಬರು ಸಿಕ್ಕರು. "ನಿಮ್ಮೂರಾಗ ನಿನ್ನ ಮಾತ ಕೇಳೋರು ಯಾರ್ಯಾರದಾರ, ಹೆಸರ ಹೇಳ್ತಾ ಹೋಗು" ಎಂದು ಕೇಳಿದ್ದೆ. ಅವ್ವ, ಅಜ್ಜಿ, ವಿಜ್ಞಾನದ ಸರ್ ಎಂದು ಎಣಿಸಿ, ತುಸು ಬಿಟ್ಟು, "ಲೈಬ್ರರಿ ಅಕ್ಕಾರು" ಎಂದಳು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. ಅಲ್ಲಿಯ ಮೇಲ್ವಿಚಾರಕಿ ಅವರು. ತಾಯಿಯ ಒಪ್ಪಿಗೆ ಪಡೆದು ಅವರೊಡನೆ ಮಾತಾಡಿದೆ. ಡಿಸೆಂಬರದಲ್ಲಿ ಅವರೇ ಈ ಹುಡುಗಿಯನ್ನೂ ಇನ್ನಿಬ್ಬರು ಗೆಳತಿಯರನ್ನೂ ಕರೆದುಕೊಂಡು ಹನುಮನಮಟ್ಟಿಗೆ ಹೋದರು. ಬಸ್ಸಿಗೆ ದುಡ್ಡು ಬೇಕಾಗಲಿಲ್ಲ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಉಚಿತವಾಗಿದೆ. ಸಂಜೆ ಊರಿಗೆ ಮರಳುವ ಕೊನೆಯ ಬಸ್ಸಿನ ಹೊತ್ತಿನದೇ ಚಿಂತೆಯಾಗಿತ್ತು. ಅದಕ್ಕೂ ಹಿರಿಯರೊಬ್ಬರು ಜೊತೆಗಿದ್ದದ್ದು ಆಸರೆಯಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಕನ್ನಡದಲ್ಲಿಯೇ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ ಎಂಬುದು, ಪಿಯುಸಿ ವಿಜ್ಞಾನ ಮಾಡಿದರೆ ಬಿ.ಎಸ್ಸಿ. ಕೃಷಿಗೆ ಹೋಗಬಹುದೆಂಬುದು, ಆ ಪ್ರವೇಶದಲ್ಲಿ ರೈತರ ಮಕ್ಕಳಿಗೆ ಬೇರೆ ಕೋಟಾ ಇದ್ದು ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ ಎಂಬುದು ಆ ಮೂವರಿಗೂ ಅಲ್ಲಿ ಗೊತ್ತಾಯಿತು. ಎರಡು ಗಿಡ ಕೂಡಿಸಿದರೆ ಬೇರೆ ಬೀಜ ಏಕಾಗುತ್ತದೆ ಎಂಬುದಕ್ಕೆ ಅಲ್ಲಿಯವರೊಬ್ಬರು ಹಾಳೆಯ ಮೇಲೆ, ಎರಡೂ ಗಿಡಗಳ ಗುಣಗಳು ಹೇಗೆ ಕೂಡುತ್ತವೆ ಎಂದು ತೋರಿಸುವ ಚೌಕ ಬರೆದು ಉತ್ತರ ಕೊಟ್ಟರು. ಮುಂದಿನ ರವಿವಾರ ಆಕೆ ಅದನ್ನು ನನಗೆ ಫೋನಿನಲ್ಲಿ ಕಲಿಸಿದಳು, ನಾನು ಮಾಳಿಗೆಯ ಮೇಲೆ ಕುಳಿತು ಹಳೆಯ ಚೀಟಿಯೊಂದರ ಹಿಂಬದಿಯಲ್ಲಿ ಚೌಕ ಬರೆದುಕೊಂಡೆ.

ಹತ್ತಿರದವರು ಬೇಕು ಎಂಬ ಮಾತಿಗೆ ಬೇರೊಂದು ತೂಕವಿದೆ ಎಂದು ಕಲಿಸಿದ್ದು ಇನ್ನೊಬ್ಬ ಹುಡುಗ. ಶಿರಹಟ್ಟಿ ಕಡೆಯವನು, ಅದೇ ವರ್ಷ ಅವನ ಜೊತೆಯೂ ಶನಿವಾರ ಮಾತಾಡುತ್ತಿದ್ದೆ. 2024ರ ಮೇ 9ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ದರು, ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿದಿತ್ತು. ಹುಡುಗ ಗಣಿತದಲ್ಲಿ ನಪಾಸಾಗಿದ್ದ. ರಾತ್ರಿ ಹತ್ತೂವರೆಗೆ ಒಂದು ಧ್ವನಿ ಸಂದೇಶ ಬಂತು: "ಅಕ್ಕಾರ, ನನಗಿನ್ನ ಸಾಕಾಗೇತ್ರಿ."

ರಾತ್ರಿಯ ನಿಯಮವನ್ನು ಬದಿಗಿಟ್ಟು ಕೂಡಲೇ ಫೋನು ಹಚ್ಚಿದೆ. ನೇರವಾಗಿ ಕೇಳಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂದು ನಾವೆಲ್ಲ ಹೆದರುತ್ತೇವೆ, ಅದು ತಪ್ಪು. ಕೇಳಿದರೆ ಮಗುವಿನ ಎದೆಯ ಭಾರ ಇಳಿಯಲು ದಾರಿಯಾಗುತ್ತದೆ. "ತಮ್ಮಾ, ಸಾಯಬೇಕು ಅಂತ ಅನಸಾಕತ್ತೈತೇನು?" ಎಂದೆ. ಬಹಳ ಹೊತ್ತು ಸುಮ್ಮನಿದ್ದು "ಹೂನ್ರಿ" ಎಂದ. ಫೋನು ಇಡಬೇಡವೆಂದೆ. ಇದನ್ನು ನಾನು ಮುಚ್ಚಿಡಲಾರೆನೆಂದು ಮೊದಲ ದಿನವೇ ಹೇಳಿದ್ದನ್ನು ನೆನಪಿಸಿದೆ. ಮನೆಯಲ್ಲಿ ಯಾರ ಮುಂದೆ ಅಳಲು ನಾಚಿಕೆಯಾಗುವುದಿಲ್ಲ ಎಂದು ಕೇಳಿದಾಗ "ಕಾಕಾ" ಎಂದ. ಅವನೇ ನಡೆದುಹೋಗಿ ಕಾಕಾನ ಕೈಗೆ ಫೋನು ಕೊಡುವವರೆಗೆ ಮಾತಾಡುತ್ತಲೇ ಇದ್ದೆ. ಕಾಕಾ ಬೈಯಲಿಲ್ಲ, ಉಪದೇಶ ಹೇಳಲಿಲ್ಲ; ಆ ರಾತ್ರಿ ಅವನನ್ನು ತಮ್ಮ ಹಾಸಿಗೆಯ ಪಕ್ಕದಲ್ಲೇ ಮಲಗಿಸಿಕೊಂಡರು, ಒಬ್ಬನನ್ನೇ ಬಿಡಲಿಲ್ಲ. ಟೆಲಿ ಮನಸ್‌ನ 14416 ಸಂಖ್ಯೆಯನ್ನು ಅವರಿಗೆ ಬರೆಸಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಮಾನಸಿಕ ಆರೋಗ್ಯ ಸಹಾಯವಾಣಿ ಹಗಲೂ ರಾತ್ರಿಯೂ ಇರುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಕಾಕಾ ಅಂದೇ ಅದಕ್ಕೆ ಫೋನು ಹಚ್ಚಿದರು. ಆ ವಾರದಲ್ಲಿಯೇ ಹುಡುಗನನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆತಂದು ವೈದ್ಯರಿಗೆ ತೋರಿಸಿದರು.

ಪರೀಕ್ಷೆಯ ಮಾತನ್ನು ನಾನು ಎತ್ತಿದ್ದು ಹತ್ತು ದಿನದ ಮೇಲೆ, ಅವನು ಕೇಳಿದ ನಂತರ. ಆ ವರ್ಷ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆಗಳಾಗಿದ್ದು, ಜೂನ್‌ನಲ್ಲಿಯೇ ಎರಡನೆಯದನ್ನು ಬರೆಯಬಹುದು ಎಂಬುದನ್ನು ಅವನ ಮನೆಯಲ್ಲಿ ಯಾರೂ ಸರಿಯಾಗಿ ತಿಳಿದುಕೊಂಡಿರಲಿಲ್ಲ. ಬರೆದ, ಪಾಸಾದ, ಗದಗಿನಲ್ಲಿ ಐಟಿಐ ಸೇರಿದ. ಶನಿವಾರದ ಮಾತು ಮುಂದುವರಿಯಿತು, ಆದರೆ ಆ ಮನೆಯಲ್ಲಿ ಅವನನ್ನು ಉಳಿಸಿದವರು ಕಾಕಾ. ಸಂದೇಶ ನನಗೆ ಬಂದದ್ದು ನಿಜ. ಆದರೆ ಅದು ನನ್ನ ಮೂಲಕ ಅವನಿಂದ ಹತ್ತು ಹೆಜ್ಜೆಯಾಚೆ ಮಲಗಿದ್ದ ಕಾಕಾನನ್ನು ಮುಟ್ಟಬೇಕಿತ್ತು.

ರಾಣೇಬೆನ್ನೂರಿನ ಹುಡುಗಿ ವಿಜ್ಞಾನಕ್ಕೆ ಸೇರಿದಳು. ಮನೆಯಲ್ಲಿ ಡಿಪ್ಲೊಮಾ ಸಾಕು ಎಂಬ ವಾದವಿತ್ತು, ನಾನೂ ಒಳಗೊಳಗೆ ಅದನ್ನೇ ಒಪ್ಪಿದ್ದೆ. ಎರಡರ ಖರ್ಚು, ಎರಡರ ಬಸ್ಸಿನ ಹೊತ್ತು ಬರೆದ ಹಾಳೆಯನ್ನು ತಾಯಿಯ ಮುಂದಿಟ್ಟು ಆಕೆಯೇ ಮಾತಾಡಿ ಒಪ್ಪಿಸಿದಳು. ಆ ದಿನ ಲೈಬ್ರರಿ ಅಕ್ಕ ಪಕ್ಕದಲ್ಲಿದ್ದರು, ನಾನು ಫೋನಿನಲ್ಲಿಯೂ ಇರಲಿಲ್ಲ.

ಮುಗಿಸುವುದನ್ನೂ ಕಲಿಯಬೇಕಾಗುತ್ತದೆ. ಬೆಟಗೇರಿಯ ಹುಡುಗನ ನಂತರ ನನಗೆ ಇದರ ಬಗ್ಗೆ ಬಹಳ ಎಚ್ಚರ. ವರ್ಷ ತುಂಬುವ ಆರು ವಾರ ಮೊದಲೇ, ಇನ್ನು ಆರು ಸಲ, ಇನ್ನು ಐದು ಸಲ ಎಂದು ಇಬ್ಬರೂ ಕೂಡಿ ಎಣಿಸುತ್ತ ಬಂದೆವು. ಜೂನ್ ಕೊನೆಯ ರವಿವಾರ ಏಳಕ್ಕೆ ಫೋನು ಹಚ್ಚಿದೆ. ಮುಂಗಾರಿನ ಗಾಳಿಗೆ ದನಿ ಕಡಿದು ಕಡಿದು ಬರುತ್ತಿತ್ತು. ಕಾಲೇಜಿನ ಮೊದಲ ವಾರದ ಸುದ್ದಿ, ಇಂಗ್ಲಿಷಿನ ಪಾಠ ತಲೆಗೆ ಹತ್ತದಿರುವ ಸಂಕಟ, ಹೊಸ ಗೆಳತಿಯೊಬ್ಬಳ ವಿಷಯ ಎಲ್ಲವನ್ನೂ ಹೇಳಿದಳು. ಏಳೂ ಇಪ್ಪತ್ತೈದರ ಹೊತ್ತಿಗೆ ಹಿಂದಿನಿಂದ "ಬಾರವಾ, ಮಳಿ ಬರೂ ಹಂಗೈತಿ" ಎಂದು ಯಾರೋ ಕರೆದರು. ದನಿ ಲೈಬ್ರರಿ ಅಕ್ಕನದು.

"ಅಕ್ಕಾರ, ಇವತ್ತ ನಾನ ಇಡ್ತೇನ್ರಿ. ಅವರ ಮನ್ಯಾಗ ಇಂಗ್ಲಿಷ್ ಓದಾಕ ಕುಂದರೋದೈತಿ" ಎಂದಳು. ಇಡವ್ವ ಎಂದೆ. ಇನ್ನೂ ಹದಿನೈದು ನಿಮಿಷ ಉಳಿದಿತ್ತು. ಆಕೆಯ ಹೆಸರಿಗೆ ಇಟ್ಟ ಹೊತ್ತು ಅದು. ಹನಿ ಬೀಳತೊಡಗಿದರೂ ಏಳೂ ನಲವತ್ತರವರೆಗೆ ಮಾಳಿಗೆಯ ಮೇಲೆಯೇ ಕುಳಿತಿದ್ದೆ.